ಬದುಕಿ ಉಳಿದವರಿಗೆ ನಾಲ್ಕು ಚೌಕ



ಸಾಹಿತ್ಯದ ದತ್ತಿ ಉಪನ್ಯಾಸದಲ್ಲಿ ಕಾಮಿಕ್ಸ್‌ಗೆ ಏನು ಕೆಲಸ ಎಂದು ಆಹ್ವಾನ ಪತ್ರಿಕೆ ನೋಡಿ ಒಂದಿಬ್ಬರು ಮೂಗು ಮುರಿದರಂತೆ. ಡ್ರಾಯಿಂಗ್ ಮೇಷ್ಟ್ರನ್ನು ಕರೆದು ಕುಮಾರವ್ಯಾಸನ ಮೇಲೆ ಮಾತಾಡಿ ಅಂದರೆ ನನಗೂ ಕಷ್ಟ, ಕುಮಾರವ್ಯಾಸನಿಗೂ ಕಷ್ಟ. ನನಗೆ ಗೊತ್ತಿರುವುದು ಪೆನ್ಸಿಲ್ಲು, ರಬ್ಬರು, ಸ್ಕೇಲಿನಲ್ಲಿ ಎಳೆದ ಚೌಕ. ನೆರೆ ಬಂದು ಹೋದ ಮೇಲೆ ಬದುಕಿ ಉಳಿದವರ ಕಥೆ ಆ ಚೌಕದಲ್ಲಿ ಹಿಡಿಸೀತೆ, ಹಿಡಿಸಬೇಕಾದರೆ ನಾವು ಏನು ಮಾಡಬೇಕು ಎನ್ನುವುದಷ್ಟೇ ಇವತ್ತಿನ ಮಾತು.

ಕಲ್ಲಿನಿಂದ ಶುರು ಮಾಡುತ್ತೇನೆ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಮಾರಿಗುಡಿಯ ಹಿಂದೆ ವಾಲಿಕೊಂಡು ನಿಂತ ವೀರಗಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ಕೆಲವಕ್ಕೆ ಊರಿನವರು ಎಣ್ಣೆ ಹಚ್ಚಿ ಅರಿಶಿನ ಕುಂಕುಮ ಇಡುತ್ತಾರೆ, ಕೆಲವು ಎಮ್ಮೆ ಮೈ ಉಜ್ಜಿಕೊಳ್ಳಲು ಒದಗುತ್ತವೆ. ಅವುಗಳಲ್ಲಿ ಬಹುಪಾಲು ಮೂರು ಅಂಕಣದವು. ಕೆಳಗಿನ ಅಂಕಣದಲ್ಲಿ ಕಾಳಗ: ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದವನು, ಇಲ್ಲವೇ ಹುಲಿಗೋ ಹಂದಿಗೋ ಎದುರು ನಿಂತವನು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ, ತುದಿಯಲ್ಲಿ ಸೂರ್ಯ, ಚಂದ್ರ. ಅಂಕಣಗಳ ನಡುವಿನ ಪಟ್ಟಿಯ ಮೇಲೆ ಅಕ್ಷರ. ಚಿತ್ರ, ಚೌಕ, ಮಾತು, ಒಂದಾದ ಮೇಲೊಂದು: ಕಾಮಿಕ್ಸ್‌ಗೆ ಬೇಕಾದದ್ದೆಲ್ಲ ಅಲ್ಲಿದೆ. ಓದುವುದು ಕೆಳಗಿನಿಂದ ಮೇಲಕ್ಕೆ, ಅಷ್ಟೇ. ಇದೇ ಮೈಸೂರು ಜಿಲ್ಲೆಯ ಸೋಮನಾಥಪುರಕ್ಕೆ ಹೋಗಿ ಕೇಶವ ದೇವಾಲಯದ ಹೊರಗೋಡೆಯ ಸುತ್ತ ನಡೆದರೆ 13ನೇ ಶತಮಾನದ ಶಿಲ್ಪಿಗಳು ರಾಮಾಯಣ, ಭಾಗವತ, ಮಹಾಭಾರತವನ್ನು ಪಟ್ಟಿಯಂತೆ ಬಿಡಿಸಿಟ್ಟಿದ್ದಾರೆ. ಅದು ರಾಜರು, ದೇವರುಗಳ ಕಥೆ. ವೀರಗಲ್ಲಾದರೋ ಊರಿನ ಸಾಮಾನ್ಯ ಮನುಷ್ಯನದು. ದನ ಕಾಯುವವನಿಗೂ ಮೂರು ಚೌಕ ಕೊಟ್ಟ ನಾಡು ಇದು ಎನ್ನುವುದು ನನಗೆ ಹೆಮ್ಮೆಯ ವಿಷಯ.

ಆದರೆ ವೀರಗಲ್ಲಿಗೆ ಒಂದು ಷರತ್ತಿದೆ. ಸಾಯಬೇಕು.

ಹುಲಿಯಿಂದ ತಪ್ಪಿಸಿಕೊಂಡು ಮನೆಗೆ ಬಂದವನಿಗೆ ಕಲ್ಲಿಲ್ಲ. ಅವನ ಕಾಲಿನ ಗಾಯ ಎಷ್ಟು ದಿನಕ್ಕೆ ಮಾಯಿತು, ಹಸು ಹೋದ ಮೇಲೆ ಹೆಂಡತಿ ಮಕ್ಕಳನ್ನು ಹೇಗೆ ಸಾಕಿದ ಎಂದು ಯಾವ ಶಾಸನವೂ ಬರೆದುಕೊಂಡಿಲ್ಲ. ಈ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. 2018ರ ಆಗಸ್ಟ್‌ನಲ್ಲಿ ಕೇರಳದ ಪ್ರವಾಹದಲ್ಲಿ ಮೀನುಗಾರರೊಬ್ಬರು ನೀರಿನಲ್ಲಿ ಮಂಡಿಯೂರಿ, ಹೆಂಗಸರು ತಮ್ಮ ಬೆನ್ನು ಮೆಟ್ಟಿಕೊಂಡು ದೋಣಿ ಹತ್ತಲಿ ಎಂದು ಬಾಗಿ ನಿಂತ ವಿಡಿಯೊ ನಿಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ಅದನ್ನು ನೋಡಿ ಎಷ್ಟೋ ಜನ ಚಿತ್ರ ಬರೆದರು. ಬರೆಯಲೇಬೇಕಾದ ಚಿತ್ರ ಅದು, ಆ ಬೆನ್ನಿಗೆ ನಮಸ್ಕಾರ. ಆದರೆ ಮೆಟ್ಟಿ ಹತ್ತಿದ ಹೆಂಗಸು ಯಾರು? ದೋಣಿ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಯಿತು, ವಾರ ಕಳೆದ ಮೇಲೆ ಯಾವ ಮನೆಗೆ ವಾಪಸು ಬಂದಳು, ಬಾಗಿಲು ತೆಗೆದಾಗ ಒಳಗೆ ಏನಿತ್ತು? ಅದೇ ವಾರ ಮಡಿಕೇರಿಯಲ್ಲಿ ಗುಡ್ಡದಂಚಿನ ಮನೆಯೊಂದು ಕಣ್ಣೆದುರೇ ಜಾರಿ ಉರುಳಿದ ವಿಡಿಯೊವನ್ನೂ ನಾವು ಮತ್ತೆ ಮತ್ತೆ ನೋಡಿದೆವು. ಮನೆ ಬೀಳುವುದು ಕೆಲವು ಕ್ಷಣದ ಮಾತು. ಆ ಮನೆಯವರು ಬಾಡಿಗೆ ಮನೆ ಹುಡುಕಿದ ತಿಂಗಳುಗಳನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಒಂದು ಫೋಟೊ ಅಥವಾ ಅರ್ಧ ನಿಮಿಷದ ವಿಡಿಯೊ ವಿಕೋಪವನ್ನು ತೋರಿಸುತ್ತದೆ. ವಿಕೋಪದಿಂದ ಬದುಕಿ ಬಂದವರ ಕಥೆ ಶುರುವಾಗುವುದು ಕ್ಯಾಮೆರಾ ಹೊರಟು ಹೋದ ಮೇಲೆ. ಅದಕ್ಕೆ ಒಂದು ಚಿತ್ರ ಸಾಲದು, ಸಾಲು ಚಿತ್ರ ಬೇಕು. ನಾನು ಕಾಮಿಕ್ಸ್ ಹಿಡಿದು ಕೂತಿರುವುದು ಇಷ್ಟಕ್ಕೇ.

ಈಗ ನಮ್ಮ ನೀರಿನ ವಿಚಾರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ನಾಲ್ಕು ತಾಲ್ಲೂಕುಗಳ ನೆರೆಗೆ ಒಂದು ವಿಚಿತ್ರ ಗುಣವಿದೆ: ಅದು ನಮ್ಮ ಮಳೆಯಿಂದ ಬರುವುದಿಲ್ಲ. ಕೊಡಗಿನ ಬ್ರಹ್ಮಗಿರಿಯಲ್ಲಿ, ಇರ್ಪು ಜಲಪಾತದ ಮೇಲೆ ಮಳೆ ಹೊಡೆದರೆ ಲಕ್ಷ್ಮಣತೀರ್ಥ ಹನಗೋಡಿನ ಅಣೆಕಟ್ಟೆ ಹತ್ತಿ ಹುಣಸೂರಿಗೆ ಬರುತ್ತದೆ. ತಲಕಾವೇರಿ, ಭಾಗಮಂಡಲದ ಮಳೆ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕೊಪ್ಪದಲ್ಲಿ ಕಾಣಿಸಿಕೊಂಡು, ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿರುವ ಚುಂಚನಕಟ್ಟೆಯಲ್ಲಿ ಧುಮುಕಿ ಕೆ.ಆರ್.ನಗರದ ಗದ್ದೆಗೆ ನುಗ್ಗುತ್ತದೆ. ವಯನಾಡಿನ ಮಳೆ ಕಬಿನಿಯಾಗಿ ಎಚ್.ಡಿ.ಕೋಟೆಗೆ ಇಳಿಯುತ್ತದೆ. 2019ರ ಆಗಸ್ಟ್ ಎರಡನೇ ವಾರದಲ್ಲಿ ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟರು. 2,284 ಅಡಿ ಗರಿಷ್ಠ ಮಟ್ಟದ ಜಲಾಶಯ ಅದು, ಹಿಡಿಯುವುದು ಹತ್ತೊಂಬತ್ತೂವರೆ ಟಿಎಂಸಿ. ಮೇಲಿನಿಂದ ಆ ಪ್ರಮಾಣದಲ್ಲಿ ಬರುತ್ತಿದ್ದರೆ ಗೇಟು ತೆಗೆಯದೆ ಬೇರೆ ದಾರಿಯಿಲ್ಲ. ಆದರೆ ಕೆಳಗಿನ ಊರಿನವನ ತಲೆಯ ಮೇಲೆ ಆಗ ಬರೀ ಜಡಿ. ಕೆಲವು ಸಲ ಅದೂ ಇಲ್ಲ, ಬಿಸಿಲು. ಬಿಸಿಲಿನಲ್ಲಿ ಹೊಳೆ ಏರುತ್ತದೆ.

ಇದನ್ನು ಫೋಟೊದಲ್ಲಿ ಹೇಗೆ ತೋರಿಸುತ್ತೀರಿ? ಅಕ್ಕಪಕ್ಕ ಎರಡು ಚೌಕ ಎಳೆಯಿರಿ. ಎಡಗಡೆ ಇರ್ಪುವಿನಲ್ಲಿ ಕೊಡೆ ಮುರಿಯುವ ಮಳೆ, ಬಲಗಡೆ ಹನಗೋಡಿನಲ್ಲಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿರುವ ಅಜ್ಜಿ. ಒಂದು ಅಕ್ಷರ ಬರೆಯುವುದು ಬೇಡ, ಓದುವವನಿಗೆ ಎದೆ ಝಲ್ ಅನ್ನುತ್ತದೆ. ಎರಡು ಊರು, ಎರಡು ಹೊತ್ತನ್ನು ಒಂದೇ ನೋಟಕ್ಕೆ ಪಕ್ಕಪಕ್ಕದಲ್ಲಿ ಕೂರಿಸುವುದು ಈ ಪ್ರಕಾರಕ್ಕೆ ಹುಟ್ಟಿನಿಂದ ಬಂದ ಸಲೀಸು. ಸಿನಿಮಾದಲ್ಲಿ ಒಂದು ಹೋಗಿ ಇನ್ನೊಂದು ಬರಬೇಕು. ಇಲ್ಲಿ ಎರಡೂ ಹಾಳೆಯ ಮೇಲೆ ಇದ್ದೇ ಇರುತ್ತವೆ, ಹಿಂದಕ್ಕೆ ಮುಂದಕ್ಕೆ ಕಣ್ಣಾಡಿಸುತ್ತ ಓದುವವನೇ ಲೆಕ್ಕ ಹಾಕಿಕೊಳ್ಳುತ್ತಾನೆ. ಮೇಲೆ ಮಳೆ ಬಿದ್ದದ್ದು ಯಾವಾಗ, ಕೆಳಗೆ ಸುದ್ದಿ ಮುಟ್ಟಿದ್ದು ಯಾವಾಗ, ಡಂಗುರ ಹೊಡೆದರೋ ಇಲ್ಲವೋ ಎಂಬ ಪ್ರಶ್ನೆಯೂ ಆ ಎರಡು ಚೌಕಗಳ ನಡುವೆಯೇ ಇರುತ್ತದೆ.

ಆ ನಡುವಿನ ಬಿಳಿ ಜಾಗದ ಬಗ್ಗೆ ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಕಾಮಿಕ್ಸ್ ರೂಪದಲ್ಲೇ ಬರೆದ ಪುಸ್ತಕದಲ್ಲಿ ವಿವರಿಸಿದ್ದಾನೆ. ಚೌಕದಿಂದ ಚೌಕಕ್ಕೆ ನಡುವೆ ಏನಾಯಿತು ಎಂದು ಊಹಿಸುವವನು ಓದುಗ. ನಮ್ಮ ಕಡೆಯ ನೆರೆಯ ಕಥೆಯಲ್ಲಿ ಆ ಬಿಳಿ ಜಾಗಕ್ಕೆ ಬೇರೆಯದೇ ತೂಕ ಬರುತ್ತದೆ. ಮಹಜರಿನ ಚೌಕಕ್ಕೂ ಹಣ ಜಮಾ ಆದ ಚೌಕಕ್ಕೂ ನಡುವೆ ಒಂದು ಬೆರಳಿನಗಲ ಜಾಗ ಅಷ್ಟೇ ಇರುತ್ತದೆ. ಅದರಲ್ಲಿ ಎರಡು ದೀಪಾವಳಿ ಕಳೆದಿರಬಹುದು.

ನಮ್ಮ ಶಿಬಿರದಲ್ಲಿ ಒಬ್ಬ ತಾಯಿ ಬರೆದ ನಾಲ್ಕು ಚೌಕಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಲಕ್ಷ್ಮಣತೀರ್ಥದ ದಂಡೆಯ ಊರು, ವಯಸ್ಸಾದ ಹೆಂಗಸು, ಪೆನ್ಸಿಲ್ ಹಿಡಿದದ್ದು ಬಾಲ್ಯದಲ್ಲಿ. ಹೆಸರು, ಊರು ಹೇಳುವುದಿಲ್ಲ, ಹೇಳಬೇಡಿ ಎಂದಿದ್ದಾರೆ. ಮನುಷ್ಯರನ್ನೆಲ್ಲ ಕಡ್ಡಿ ಕೈ ಕಡ್ಡಿ ಕಾಲಿನಲ್ಲೇ ಬರೆದರು. ಹಸುವನ್ನು ಮಾತ್ರ ಕೊಂಬು, ಗಂಗೆದೊಗಲು, ಬಾಲದ ಕುಚ್ಚಿನ ಸಮೇತ ಬರೆದರು. ಯಾವುದು ಗೊತ್ತೋ ಅದನ್ನು ಕೈ ತಾನೇ ಬರೆಯುತ್ತದೆ, ನಾನು ಕಲಿಸುವಂಥದ್ದು ಏನೂ ಇರಲಿಲ್ಲ.

ಮೊದಲನೆಯ ಚೌಕ: ನೆತ್ತಿಯ ಮೇಲೆ ಸೂರ್ಯ, ಕೊಟ್ಟಿಗೆಯ ಹೊಸ್ತಿಲಿಗೆ ನೀರು. ಬಲೂನಿನಲ್ಲಿ ಮಾತು, "ಮಳೆನೇ ಇಲ್ವಲ್ಲಪ್ಪೋ, ಎಲ್ಲಿಂದ ಬತ್ತು ನೀರು?" ಪಕ್ಕದಲ್ಲಿ ಇನ್ನೊಂದು ದನಿ, "ಮೊದ್ಲು ಅಸ ಬಿಚ್ಚು, ಆಮ್ಯಾಕೆ ಕೇಳುವೆ." ಎರಡನೆಯ ಚೌಕ ಶಾಲೆ. ಕಪ್ಪು ಹಲಗೆಯ ಮೇಲೆ ಸ್ವಾತಂತ್ರ್ಯ ದಿನಾಚರಣೆಯ ಹಾಡಿನ ಪಟ್ಟಿ ಹಾಗೇ ಇದೆ, ಕೆಳಗೆ ನಾಲ್ಕೈದು ಸಂಸಾರ ಚಾಪೆ ಹಾಸಿಕೊಂಡಿವೆ. ಸರ್ಕಾರ ಈಗ ಕಾಳಜಿ ಕೇಂದ್ರ ಅನ್ನುತ್ತದೆ, ಜನರ ಬಾಯಲ್ಲಿ ಅದು ಗಂಜಿ ಕೇಂದ್ರವೇ. ಒಬ್ಬ ಗಂಡಸು ತಟ್ಟೆ ನೋಡುತ್ತ, "ಇವತ್ತೂ ಉಪ್ಪಿಟ್ಟಾ?" ಅನ್ನುತ್ತಿದ್ದಾನೆ. ಇದನ್ನು ಓದಿ ಅಲ್ಲಿದ್ದವರೆಲ್ಲ ನಕ್ಕರು. ನಗಲಿ. ಮನೆ ಕಳೆದುಕೊಂಡವರು ಮೂರು ಹೊತ್ತೂ ಅಳುತ್ತ ಕೂತಿರುತ್ತಾರೆ ಎನ್ನುವುದು ದೂರದಲ್ಲಿ ಕೂತು ಮರುಗುವವರ ಕಲ್ಪನೆ.

ಮೂರನೆಯ ಚೌಕದಲ್ಲಿ ಒಬ್ಬ ಮನುಷ್ಯನೂ ಇಲ್ಲ. ನೀರು ಇಳಿದಿದೆ, ಬಿಸಿಲು ಬಿದ್ದಿದೆ, ಗೋಡೆ ಉರುಳುತ್ತಿದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ "ದಬಕ್". ಮಣ್ಣಿನ ಗೋಡೆಯ ಸ್ವಭಾವ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ನೀರು ಸುತ್ತ ಇರುವ ತನಕ ಗೋಡೆ ಎಷ್ಟೋ ಸಲ ನಿಂತೇ ಇರುತ್ತದೆ. ನೀರಿಳಿದು ಬುಡ ಸಡಿಲವಾಗಿ, ಒಂದು ಮೈ ಒಣಗಿ ಇನ್ನೊಂದು ಮೈ ಹಸಿಯಾಗಿದ್ದಾಗ, ಬಿರುಕು ಬಿಟ್ಟು ಕೂರುತ್ತದೆ. ಅಂದರೆ ಮನೆ ಬಿದ್ದದ್ದು ನೆರೆಯ ದಿನವಲ್ಲ, ಟಿವಿಯವರು ಬಂದು ಹೋದ ಮೇಲೆ, ಸಮೀಕ್ಷೆಯವರು ಪಟ್ಟಿ ಬರೆದುಕೊಂಡು ಹೋದ ಮೇಲೆ. "ಎಲ್ರೂವೆ ನೀರ್ ಬಂದ ದಿನ ಕೇಳ್ತಾರೆ. ಗ್ವಾಡೆ ಬಿದ್ದಿದ್ದು ಆಮ್ಯಾಕೆ ಅಂದ್ರೆ ಯಾರೂ ನಂಬಲ್ಲ ಬುದ್ಧಿ" ಎಂದರು ಆ ತಾಯಿ. ಕಾಗದ ಪತ್ರದ ಯಾವ ಕಾಲಂನಲ್ಲೂ ಬರೆಯಲು ಜಾಗವಿಲ್ಲದ ಈ ಸಂಗತಿಗೆ ಅವರು ಒಂದು ಇಡೀ ಚೌಕ ಬಿಟ್ಟುಕೊಟ್ಟಿದ್ದರು.

ನಾಲ್ಕನೆಯದರಲ್ಲಿ ಟೇಪು ಹಿಡಿದ ಇಂಜಿನಿಯರು. 2019ರ ನೆರೆಯ ನಂತರ ರಾಜ್ಯ ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಹೋದದ್ದಕ್ಕೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದದ್ದಕ್ಕೆ 50 ಸಾವಿರ, ನಡುವಿನದಕ್ಕೆ ಬೇರೆ ಲೆಕ್ಕ. ಬಟ್ಟೆಬರೆ, ಪಾತ್ರೆ ಪಡಗಕ್ಕೆಂದು ತಕ್ಷಣಕ್ಕೆ 10 ಸಾವಿರ. ಇದು ಸಣ್ಣ ಮೊತ್ತವಲ್ಲ, ಅದನ್ನು ಮರೆಯಬಾರದು. ಆದರೆ ಒಂದು ಅಕ್ಷರದ ಮೇಲೆ ಲಕ್ಷಗಳು ನಿಂತಾಗ ಊರಿನ ಮಾತೆಲ್ಲ ಆ ಅಕ್ಷರದ ಸುತ್ತಲೇ ಸುತ್ತತೊಡಗಿತು. ಚೌಕದೊಳಗಿನ ಸಂಭಾಷಣೆ ಇಷ್ಟೇ: "ಇದು ಬಿ ಕಣಮ್ಮ." "ಬಿ ಅಂದ್ರೆ ಎಷ್ಟ್ ಬಿದ್ದಂಗೆ ಸ್ವಾಮಿ?"

ಹೀಗೆ ಬರೆಸುವ ವಿಧಾನ ನನ್ನ ತಲೆಯಿಂದ ಹುಟ್ಟಿದ್ದಲ್ಲ. ದೆಹಲಿಯ ವ್ಯಂಗ್ಯಚಿತ್ರಕಾರ ಶರದ್ ಶರ್ಮಾ ಮತ್ತು ಫಿನ್ಲೆಂಡಿನ ಲೀಫ್ ಪಾಕಲೆನ್ ಸೇರಿ ರೂಢಿಗೆ ತಂದದ್ದು. ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆ ವರ್ಷಗಟ್ಟಲೆ ದೇಶದ ಹಳ್ಳಿಗಳಲ್ಲಿ ಇದನ್ನು ಕಲಿಸಿದೆ. ಎರಡು ಎ4 ಹಾಳೆ ಅಂಟಿಸಿ, ನಾಲ್ಕು ಚೌಕ ಮಾಡಿ, ಕಪ್ಪು ಪೆನ್ನಿನಲ್ಲಿ ಬರೆದು, ಜೆರಾಕ್ಸ್ ತೆಗೆದು, ಬಸ್ ಸ್ಟ್ಯಾಂಡಿನಲ್ಲೋ ಟೀ ಅಂಗಡಿಯಲ್ಲೋ ಅಂಟಿಸುವುದು. ಕಥೆ ಯಾರದೋ, ಚಿತ್ರವೂ ಅವರದೇ. ಕೈ ಪಳಗಿದ ಕಲಾವಿದ ಬೇಕಿಲ್ಲ, ಕಲಾವಿದ ಇದ್ದರೆ ಒಮ್ಮೊಮ್ಮೆ ಅಡ್ಡಿಯೇ. ಇದು ನನ್ನ ಕಸುಬಿನವರಿಗೆ ಕೇಳಲು ಹಿತವಾಗುವುದಿಲ್ಲ.

ಮೇಷ್ಟ್ರುಗಳಿಗೆ ಎರಡು ಮೂರು ಕಸುಬಿನ ಮಾತು ಹೇಳುತ್ತೇನೆ, ಕೆಲಸಕ್ಕೆ ಬಂದೀತು. ಮೊದಲು ಮಾತು ಬರೆಸಿ, ಆಮೇಲೆ ಅದರ ಸುತ್ತ ಬಲೂನು ಎಳೆಸಿ. ಬಲೂನು ಮೊದಲು ಎಳೆದರೆ ಕನ್ನಡ ಅದರೊಳಗೆ ಕೂರುವುದಿಲ್ಲ. ಇಂಗ್ಲಿಷಿನ ದಪ್ಪಕ್ಷರ ಒಂದರ ಮೇಲೊಂದು ಒತ್ತಿ ಕೂರುತ್ತವೆ. ನಮ್ಮ ಒತ್ತಕ್ಷರ ಕೆಳಕ್ಕೆ ಇಳಿಯುತ್ತವೆ, ಗುಡಿಸು ಮೇಲಕ್ಕೇರುತ್ತದೆ, ಸಾಲಿನ ನಡುವೆ ಜಾಗ ಕೇಳುತ್ತವೆ. ಆದ್ದರಿಂದ ಮಾತು ಕಮ್ಮಿ ಇರಲಿ, ಆಡುವ ಹಾಗೆಯೇ ಇರಲಿ. ಪುಸ್ತಕದ ಕನ್ನಡ ಬಲೂನಿಗೆ ಭಾರ. "ನಮ್ಮ ಗೃಹವು ಜಲಾವೃತಗೊಂಡಿತು" ಎಂದು ಏಳನೇ ಕ್ಲಾಸಿನ ಹುಡುಗ ಬರೆದರೆ ಅವನಿಗೆ ಭಾಷೆ ಬರುತ್ತದೆ ಎಂದು ಬೆನ್ನು ತಟ್ಟಬೇಡಿ, ಮನೆಯಲ್ಲಿ ಅವ್ವ ಆವತ್ತು ಏನಂದಳು ಎಂದು ಕೇಳಿ. ಇನ್ನು ಬಣ್ಣ. ಮಕ್ಕಳು ಹೊಳೆಗೆ ನೀಲಿ ಹಚ್ಚುತ್ತಾರೆ. ಆ ನೀರು ನೀಲಿ ಇರಲಿಲ್ಲ, ಕೆಮ್ಮಣ್ಣಿನದು. ಅದಿರಲಿ, ಜೆರಾಕ್ಸ್ ಮೆಶಿನ್ನಿಗೆ ತೆಳು ನೀಲಿಯೂ ಕಾಣದು, ಹಳದಿಯೂ ಕಾಣದು, ಪ್ರವಾಹವೇ ಮಾಯವಾಗಿ ಬರೀ ಮನೆ ಉಳಿಯುತ್ತದೆ. ಕಪ್ಪು ಗೆರೆಯಲ್ಲೇ ನೀರು ತೋರಿಸಲು ಕಲಿಸಿ. ಅಡ್ಡ ಗೆರೆ ಹತ್ತಿರ ಹತ್ತಿರ ಎಳೆದರೆ ಸೆಳೆತ, ದೂರ ದೂರ ಎಳೆದರೆ ನಿಂತ ನೀರು.

ಮಕ್ಕಳು ಮೊದಲ ಸಲ ಬರೆದರೆ ಹೆಲಿಕಾಪ್ಟರ್ ಬರೆಯುತ್ತಾರೆ. ಹುಣಸೂರಿನ ಹೋಬಳಿಯ ಹುಡುಗ ತನ್ನೂರಿಗೆ ಬಾರದ ಹೆಲಿಕಾಪ್ಟರನ್ನು ರೆಕ್ಕೆ ಎಣಿಸಿ ಬರೆಯುತ್ತಾನೆ, ಟಿವಿ ಅಷ್ಟು ಚೆನ್ನಾಗಿ ಕಲಿಸಿದೆ. ಬೈಯಬೇಡಿ. ಅದು ಬರೆದು ಮುಗಿಯಲಿ, ಎರಡನೆಯ ಹಾಳೆ ಕೊಡಿ. ಅದರಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಗಾರರ ಮಕ್ಕಳಿಗೆ ಆಗಸ್ಟ್ ಅಂದರೆ ಸೊಪ್ಪು ಮುರಿದು ಬೇಯಿಸುವ ಕಾಲ. ಬುಡದಲ್ಲಿ ನೀರು ನಿಂತರೆ ಗಿಡ ಒಂದೆರಡು ದಿನದಲ್ಲಿ ಜೋತು ಬೀಳುತ್ತದೆ, ಬ್ಯಾರನ್ನಿಗೆ ಕೂಡಿಟ್ಟ ಸೌದೆ ನೆನೆಯುತ್ತದೆ. ಕಣ್ಣಿಗೆ ದೊಡ್ಡ ಅನಾಹುತ ಏನೂ ಕಾಣದು, ಹಸಿರು ಹೊಲವೇ ಕಾಣುತ್ತದೆ. ಬೆಳೆ ಪರಿಹಾರದ ನಿಯಮದಲ್ಲಿ ಹಾನಿ ಶೇ 33 ದಾಟಬೇಕು, ಅದೂ 2 ಹೆಕ್ಟೇರಿನ ಮಿತಿಯಲ್ಲಿ. ಆ ಲೆಕ್ಕದ ಪ್ರಕಾರ ಮಳೆಯಾಶ್ರಿತ ಬೆಳೆಗೆ 2019ರಲ್ಲಿ ಹೆಕ್ಟೇರಿಗೆ 6,800 ರೂಪಾಯಿ, ಆ ವರ್ಷ ರಾಜ್ಯ ಅದರ ಮೇಲೆ ಇನ್ನಷ್ಟು ಸೇರಿಸಿತು. ಬ್ಯಾರನ್ ಮುಂದೆ ಅಪ್ಪ ಸುಮ್ಮನೆ ಕೂತಿರುವ ಚಿತ್ರವನ್ನು ಮಗು ಬರೆದರೆ ಈ ಲೆಕ್ಕವೆಲ್ಲ ಅದರಲ್ಲಿ ಇದೆ ಎಂದು ತಿಳಿಯಿರಿ.

ಫೋಟೊಗಿಂತ ಚಿತ್ರ ಮೇಲು ಎನ್ನಲು ಇನ್ನೊಂದು ಕಾರಣವಿದೆ, ಅದು ಮಾನದ್ದು. ಗಂಜಿ ಕೇಂದ್ರದಲ್ಲಿ ನೈಟಿ ಮೇಲೆ ಟವೆಲ್ ಹೊದ್ದು ತಟ್ಟೆ ಹಿಡಿದು ನಿಂತ ಹೆಣ್ಣುಮಗಳ ಫೋಟೊ ಪತ್ರಿಕೆಯಲ್ಲಿ ಬಂದರೆ ಅವಳು ಆ ಊರಿನಲ್ಲಿ ಬದುಕಿರುವ ತನಕ ಅದು ಅವಳ ಬೆನ್ನು ಬಿಡುವುದಿಲ್ಲ. ಚಿತ್ರದಲ್ಲಿ ಮುಖ ಬದಲಿಸಬಹುದು, ಸೆರಗು ಎಳೆಯಬಹುದು, ಬೆನ್ನು ತೋರಿಸಬಹುದು. ಸಂಗತಿ ನಿಜ ಉಳಿಯುತ್ತದೆ, ಮನುಷ್ಯರು ಬಯಲಿಗೆ ಬೀಳುವುದಿಲ್ಲ. ಹಾಡಿಗಳಲ್ಲಿ ಇದು ಇನ್ನೂ ಮುಖ್ಯ. ಎಚ್.ಡಿ.ಕೋಟೆ ಕಾಡಂಚಿನ ಜೇನುಕುರುಬರ ಮುಖಗಳನ್ನು ಅವರನ್ನು ಕೇಳದೆ ತೆಗೆದುಕೊಂಡು ಹೋದ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ.

ಹೊರಗಿನವರು ಏನು ಮಾಡಿದ್ದಾರೆ ಎನ್ನುವುದನ್ನು ನೋಡೋಣ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಮೆರಿಕದ ದಕ್ಷಿಣ ತೀರಕ್ಕೆ ಅಪ್ಪಳಿಸಿ ನ್ಯೂ ಆರ್ಲಿಯನ್ಸ್ ನಗರ ಮುಳುಗಿತು. ಜೋಶ್ ನ್ಯೂಫೆಲ್ಡ್ ಎಂಬ ಚಿತ್ರಕಾರ ರೆಡ್ ಕ್ರಾಸ್ ಸ್ವಯಂಸೇವಕನಾಗಿ ಬಿಲಾಕ್ಸಿ ಊರಿನಲ್ಲಿ ಕೆಲಸ ಮಾಡಿ ಬಂದವನು. ಬದುಕಿ ಉಳಿದ ಕೆಲವರನ್ನು ಮಾತಾಡಿಸಿ ಅವರ ಕಥೆಯನ್ನು ಮೊದಲು ಅಂತರ್ಜಾಲದಲ್ಲಿ ಧಾರಾವಾಹಿಯಾಗಿ ಬರೆದ, 2009ರಲ್ಲಿ ಅದು 'ಎ.ಡಿ.: ನ್ಯೂ ಆರ್ಲಿಯನ್ಸ್ ಆಫ್ಟರ್ ದ ಡೆಲ್ಯೂಜ್' ಎಂಬ ಪುಸ್ತಕವಾಯಿತು. ಅದರಲ್ಲಿ ಒಬ್ಬ ತನ್ನ ಸಾವಿರಾರು ಕಾಮಿಕ್ ಪುಸ್ತಕ ಕಳೆದುಕೊಂಡು ಗೋಳಾಡುತ್ತಾನೆ. ಊರೇ ಮುಳುಗಿರುವಾಗ ಇದೇನು ದುಃಖ ಎನಿಸಬಹುದು. ನೆರೆಯಲ್ಲಿ ಏನೇನು ಹೋಯಿತು ಎಂದು ನಮ್ಮವರನ್ನು ಕೇಳಿ ನೋಡಿ. ಪಟ್ಟಿಯಲ್ಲಿ ಬೀರು, ಟಿವಿ, ಅಕ್ಕಿಮೂಟೆ ಬರುತ್ತದೆ. ಮಾತು ಮುಗಿದು ಎದ್ದು ಹೊರಡುವಾಗ, ಸತ್ತ ಮಗನದೊಂದು ಫೋಟೊ ಇತ್ತು, ಅದೂ ಹೋಯಿತು ಎನ್ನುತ್ತಾರೆ. ನ್ಯೂಫೆಲ್ಡ್ ಮಾಡಿದ ಇನ್ನೊಂದು ದೊಡ್ಡ ಕೆಲಸವಿದೆ. ಜನ ಆಶ್ರಯ ಪಡೆದಿದ್ದ ಸಭಾಭವನದಲ್ಲಿ ಪುಂಡರ ಹಾವಳಿ ಎಂದು ಸುದ್ದಿವಾಹಿನಿಗಳು ಬೊಬ್ಬೆ ಹಾಕಿದ್ದವು. ಅಲ್ಲಿದ್ದ ಒಬ್ಬ ಹೆಂಗಸು, ಆ ಪುಂಡರೇ ಕುಡಿಯುವ ನೀರು ತಂದು ಮುದುಕರಿಗೆ, ಮಕ್ಕಳಿಗೆ ಹಂಚಿದರು ಎಂದು ಹೇಳಿದ್ದನ್ನು ಅವನು ಹಾಗೆಯೇ ಬರೆದ. ಬದುಕಿ ಬಂದವರು ಪಾಪದವರು ಮಾತ್ರವಲ್ಲ, ಸಾಕ್ಷಿಗಳು ಕೂಡ.

ನಮ್ಮ ದೇಶದ್ದು ಒಂದು. 2004ರ ಡಿಸೆಂಬರ್ 26ರ ಸುನಾಮಿಯ ಬಗ್ಗೆ ಬಂಗಾಳದ ಪಟುವಾ ಕಲಾವಿದರಾದ ಜಯದೇಬ್ ಮತ್ತು ಮೊಯ್ನಾ ಚಿತ್ರಕಾರ್ ಬರೆದ ಸುರುಳಿ ಪಟವನ್ನು ಚೆನ್ನೈನ ತಾರಾ ಬುಕ್ಸ್ 2009ರಲ್ಲಿ ಮಡಿಕೆ ಪುಸ್ತಕವಾಗಿ ತಂದಿತು. ಪಟ ಬಿಚ್ಚುತ್ತ ಹಾಡಿ ಕಥೆ ಹೇಳುವ ಪರಂಪರೆ ಅವರದು, ನಮ್ಮ ತೊಗಲು ಗೊಂಬೆಯವರಿಗೆ ದಾಯಾದಿಗಳು. ಅಲೆಯನ್ನು ರಾಕ್ಷಸಿಯಂತೆ ಬರೆದ ಆ ಚಿತ್ರ ಬಹಳ ಚೆಲುವಾಗಿದೆ. ನನ್ನ ತಕರಾರು ಆ ಚೆಲುವಿನ ಮೇಲೆಯೇ. ಸಮುದ್ರದಲ್ಲಿ ಕೊಚ್ಚಿಹೋದ ದೇಹಗಳು ಅಲ್ಲಿ ಸಾಲಂಕಾರವಾಗಿ ತೇಲುತ್ತವೆ. ಅದು ಶೋಕಗೀತೆ, ಅಷ್ಟರ ಮಟ್ಟಿಗೆ ದೊಡ್ಡದು. ಆದರೆ ತೀರದಲ್ಲಿ ಉಳಿದ ಒಬ್ಬ ಮೀನುಗಾರ್ತಿ ಮಾರನೆಯ ವರ್ಷ ಬಲೆಗೆ ಸಾಲ ಎಲ್ಲಿ ತಂದಳು ಎಂಬುದು ಅದರಲ್ಲಿ ಬರುವುದಿಲ್ಲ, ಬರಲೆಂದು ಅದು ಹುಟ್ಟಿದ್ದೂ ಅಲ್ಲ.

ಓರಿಜಿತ್ ಸೇನ್ 1994ರಲ್ಲಿ ನರ್ಮದಾ ಅಣೆಕಟ್ಟಿನ ಮುಳುಗಡೆಯ ಬಗ್ಗೆ ಬರೆದ 'ರಿವರ್ ಆಫ್ ಸ್ಟೋರೀಸ್' ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಎನಿಸಿಕೊಂಡಿದೆ. ಅಣೆಕಟ್ಟಿನ ಮುಳುಗಡೆ ಪ್ರಕೃತಿ ವಿಕೋಪವಲ್ಲ ಎನ್ನುತ್ತೀರಿ. ಒಪ್ಪುತ್ತೇನೆ. ಆದರೆ ಎಚ್.ಡಿ.ಕೋಟೆಯಲ್ಲಿ ಕೂತು ಇವೆರಡರ ನಡುವೆ ಗೆರೆ ಎಳೆಯುವುದು ಸುಲಭವಲ್ಲ. ಒಂದು ಕಾಲಕ್ಕೆ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕಿತ್ತೂರು 1970ರ ದಶಕದಲ್ಲಿ ಕಬಿನಿಯ ಹಿನ್ನೀರಿನಲ್ಲಿ ಮುಳುಗಿತು. ಅಜ್ಜ ಹಿನ್ನೀರಿಗೆ ಊರು ಬಿಟ್ಟ, ಮೊಮ್ಮಗ 2019ರಲ್ಲಿ ಗೇಟಿನ ನೀರಿಗೆ ಗದ್ದೆ ಬಿಟ್ಟ ಎಂದರೆ ಆ ಮನೆಯವರಿಗೆ ಅದು ಒಂದೇ ಕಥೆಯ ಎರಡು ಚೌಕ.

ಕೆ.ಆರ್.ನಗರದವರಿಗೆ ನಾನು ಬೇರೆಯೇ ಕೆಲಸ ಹೇಳುತ್ತೇನೆ. ನಿಮ್ಮ ಪಟ್ಟಣ ಹುಟ್ಟಿದ್ದೇ ಪ್ರವಾಹದಿಂದ. ಹಳೆಯ ತಾಲ್ಲೂಕು ಕೇಂದ್ರ ಎಡತೊರೆ, ಕಾವೇರಿಯ ದಂಡೆಯ ಮೇಲೆ, ಅರ್ಕೇಶ್ವರನ ಸನ್ನಿಧಿಯಲ್ಲಿತ್ತು. 1924ರ ಮಹಾ ಪ್ರವಾಹ ಅದನ್ನು ಕೆಡಿಸಿದ ಮೇಲೆ ಹೊಳೆಯಿಂದ ದೂರದಲ್ಲಿ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಈಗ ನೀವು ಸ್ಕೂಟರಿನಲ್ಲಿ ಓಡಾಡುವ ಆ ಅಳೆದು ಹಾಕಿದ ನೇರ ಬೀದಿಗಳೇ ಆ ಪ್ರವಾಹದ ಸ್ಮಾರಕ. ಅದೇ 1924ರ ಜುಲೈನಲ್ಲಿ ಕೇರಳವೂ ಮುಳುಗಿತ್ತು. ಸರಿಯಾಗಿ ನೂರು ವರ್ಷಕ್ಕೆ, 2024ರ ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಇಳಿಯಿತು. ಎಡತೊರೆ ಬಿಟ್ಟು ಬಂದವರ ಪೈಕಿ ಈಗ ಯಾರೂ ಉಳಿದಿರಲಾರರು, ಆದರೆ ಅವರ ಬಾಯಿಂದ ಕೇಳಿದ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಯಾರಿಗೆ ಯಾವ ಸೈಟು ಸಿಕ್ಕಿತು, ದೇವರನ್ನು ಹಿಂದೆ ಬಿಟ್ಟು ಬಂದದ್ದು ಹೇಗೆ, ಯಾವ ಜಾತಿಯ ಕೇರಿ ಯಾವ ಮೂಲೆಗೆ ಹೋಯಿತು? ಬರೆದುಕೊಳ್ಳಿ. ಚಿತ್ರದ ಕೆಳಗೆ 'ಅಜ್ಜಿ ಹೇಳಿದ್ದು' ಎಂದು ಹಾಕಿ. ಕಂಡದ್ದು ಬೇರೆ, ಕೇಳಿದ್ದು ಬೇರೆ. ಆ ವ್ಯತ್ಯಾಸ ಚೌಕದಲ್ಲೇ ಕಾಣಬೇಕು.

ಕನ್ನಡಕ್ಕೆ ಈ ಪ್ರಕಾರ ಹೊಸದಲ್ಲ. ಅಮರ ಚಿತ್ರ ಕಥೆಯ ಶುರುವಿನ ಸಂಚಿಕೆಗಳು 1965ರಲ್ಲಿ ಬಂದದ್ದು ಕನ್ನಡದಲ್ಲಿ. ಆರ್.ಕೆ. ಲಕ್ಷ್ಮಣ್ ಮೈಸೂರಿನ ಹುಡುಗ, ರಾಶಿಯವರ ಹಾಸ್ಯ ಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದವರು. 'ಬಾಲಮಂಗಳ'ದ ಡಿಂಗನನ್ನು ಓದಿ ಬೆಳೆದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೈ ಎತ್ತಿಸಬಹುದು. ದೇವರ ಕಥೆಗೆ, ನಗಿಸುವುದಕ್ಕೆ, ಮಕ್ಕಳಿಗೆ ಎಂದು ಅದನ್ನು ಮೂರು ಕಡೆ ಕಟ್ಟಿಹಾಕಿದೆವು, ಅಷ್ಟೇ ನಮ್ಮಿಂದ ಆದ ಅನ್ಯಾಯ.

ಒಂದು ಎಚ್ಚರಿಕೆ. ಇಂಥ ಶಿಬಿರ ಮಾಡಿದರೆ ಕೊನೆಯ ಚೌಕದಲ್ಲಿ ಸಸಿ ನೆಡುವವರು ಬಂದೇ ಬರುತ್ತಾರೆ. "ಪ್ರಕೃತಿಯನ್ನು ಉಳಿಸೋಣ" ಎಂದು ಎಲ್ಲರೂ ಕೈ ಹಿಡಿದು ನಿಲ್ಲುತ್ತಾರೆ. ಹಣ ಕೊಟ್ಟವರಿಗೂ ಅದು ಇಷ್ಟ, ನಮ್ಮ ಇಲಾಖೆಯ ಸ್ಪರ್ಧೆಗಳಲ್ಲಿ ಬಹುಮಾನವೂ ಅದಕ್ಕೇ. ಕೊಡಗಿನ ಗುಡ್ಡ ಕುಸಿದದ್ದಕ್ಕೆ ಹುಣಸೂರಿನ ವಿಧವೆ ಯಾಕೆ ಸಸಿ ನೆಟ್ಟು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು? ಕಥೆ ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ಚೌಕವೂ ನಿಲ್ಲಲಿ.

ಆ ತಾಯಿಯ ಹಾಳೆಯ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ನಾಲ್ಕು ಚೌಕ ಮುಗಿದ ಮೇಲೆ ಅವರು ಐದನೆಯದು ಬೇಕು ಎಂದರು. ಮನೆ ಕಟ್ಟುವ ಹಣ ಒಂದೇ ಸಲ ಬರುವುದಿಲ್ಲ. ತಳಪಾಯಕ್ಕೊಂದು, ಲಿಂಟಲ್ ಮಟ್ಟಕ್ಕೊಂದು, ಛಾವಣಿಗೊಂದು, ಮುಗಿದ ಮೇಲೊಂದು ಜಿಪಿಎಸ್ ಫೋಟೊ ಹೋಗಬೇಕು, ಫಲಾನುಭವಿ ಮುಂದೆ ನಿಂತಿರಬೇಕು, ಆಮೇಲೆ ಕಂತು. ಅಂದರೆ ಸರ್ಕಾರವೂ ಆ ತಾಯಿಯಿಂದ ಸಾಲು ಚಿತ್ರದ ಕಥೆಯನ್ನೇ ಕೇಳುತ್ತಿದೆ, ಗೋಡೆ ಏರಿದ ಚಿತ್ರ ಮಾತ್ರ ಸಾಕು ಎನ್ನುತ್ತದೆ. ಐದನೆಯ ಚೌಕದಲ್ಲಿ ಅವರು ತಳಪಾಯದ ಮೇಲೆ ಸೆಟೆದು ನಿಂತ ತಮ್ಮನ್ನೇ ಬರೆದರು, ಎದುರಿಗೆ ಮೊಬೈಲ್ ಹಿಡಿದ ಹುಡುಗ. ಬಲೂನು ಹುಡುಗನದು: "ಒಸಿ ನಗು ಅಜ್ಜಿ."

ಹಾಳೆಯನ್ನು ಪಂಚಾಯಿತಿ ಗೋಡೆಗೂ ಬಸ್ ಸ್ಟ್ಯಾಂಡಿಗೂ ಅಂಟಿಸೋಣ ಎಂದೆವು. ಅವರು ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ಈಗ್ಲೇ ಬ್ಯಾಡಿ ಮೇಷ್ಟ್ರೆ. ಎರಡನೇ ಕಂತು ಬಂದ್ಬುಡ್ಲಿ, ಆಮ್ಯಾಕೆ ಎಲ್ಲಿ ಬೇಕಾದ್ರೂ ಅಂಟುಸ್ಕೊಳಿ" ಎಂದರು. ಆ ಮಾತಿಗೆ ನಾವು ಕಟ್ಟುಬಿದ್ದಿದ್ದೇವೆ. ಆದ್ದರಿಂದ ಇವತ್ತು ಹೊರಗಿನ ಪಡಸಾಲೆಯಲ್ಲಿ ತೂಗುಹಾಕಿರುವ ಹಾಳೆಗಳಲ್ಲಿ ಅದಿಲ್ಲ. ಉಳಿದವನ್ನು ನೋಡಿಕೊಂಡು ಹೋಗಿ.